ಪೇಟಿ ಮಾಸ್ತರರ ಈಸ್ಟರ್ ಸೋಮವಾರ

ಈ ಸಲ ಈಸ್ಟರ್ ಹಬ್ಬದ ಹಿಂದಿನ ದಿನ ನಮ್ಮ ಸ್ಮಶಾನದ ಗೇಟು ದಾಟಿ ಒಳಗೆ ಕಾಲಿಟ್ಟೆ, ಸುಣ್ಣದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಈಗೆಲ್ಲ ಗೋರಿಗಳಿಗೆ ಡಬ್ಬಿಯ ಬಣ್ಣ ಬಳಿಯುತ್ತಾರೆ. ಈ ವರ್ಷ ಯಾರೋ ಕಲ್ಲುಸುಣ್ಣದ ಚೀಲ ತಂದು, ಹಳೆಯ ಡ್ರಮ್ಮಿಗೆ ಸುರಿದು ನೀರು ಹೊಯ್ದಿದ್ದರು. ಅದು ಕೊತಕೊತ ಕುದಿಯುತ್ತಿತ್ತು. "ತಂಗಿ, ದೂರ ನಿಂದ್ರು, ಕಣ್ಣಿಗೆ ಸಿಡೀತೈತಿ" ಎಂದು ಯಾರೋ ಅಂದಂತಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಯಾರೂ ಅಂದಿರಲಿಲ್ಲ. ಹಾಗೆ ಅನ್ನುತ್ತಿದ್ದವರು ಹೋಗಿ ಬಹಳ ವರ್ಷಗಳಾದವು...

ಅವರನ್ನು ನಾವು ಪೇಟಿ ಮಾಸ್ತರ ಎಂದೇ ಕರೆಯುತ್ತಿದ್ದೆವು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಪ್ರಾಯದಲ್ಲಿ ನಾಟಕ ಕಂಪನಿಗಳಲ್ಲಿ ಪೇಟಿ ನುಡಿಸಿಕೊಂಡು ಊರೂರು ತಿರುಗಿದವರು. ಕಂಪನಿಗಳು ಮುಚ್ಚಿದ ಮೇಲೆ ಬಸವನ ಬಾಗೇವಾಡಿಗೆ ಬಂದು ನಿಂತು, ಹೊಟ್ಟೆಪಾಡಿಗೆ ಮನೆಗಳಿಗೆ ಸುಣ್ಣ ಬಣ್ಣ ಹಚ್ಚುತ್ತಿದ್ದರು. ಭಾನುವಾರ ನಮ್ಮ ಸಭೆಯ ಆರಾಧನೆಯಲ್ಲಿ ಪೇಟಿಯ ಮುಂದೆ ಕೂರುತ್ತಿದ್ದರು. ಸುಣ್ಣದಿಂದ ಒಡೆದ ಬೆರಳುಗಳು, ಉಗುರಿನ ಸಂದಿಯಲ್ಲಿ ನೀಲಿ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಪೇಟಿಯೊಂದು ಇತ್ತು, ಅಷ್ಟೇ. ಅದೂ ಅವರದಲ್ಲ, ಸಭೆಯದು.

ನಾನು ಬೆಟಗೇರಿಯ ಹುಡುಗಿ. ತೊಂಬತ್ತರ ದಶಕದಲ್ಲಿ ಮದುವೆಯಾಗಿ ಬಾಗೇವಾಡಿಗೆ ಬಂದೆ. ನಮ್ಮ ತವರಿನ ಗುಡಿ, ಅಂದರೆ ಚರ್ಚು, ದೊಡ್ಡದು. ಅಲ್ಲಿ ಪುಸ್ತಕ ಹಿಡಿದು, ಸಾಲಾಗಿ ನಿಂತು, ಬರೆದ ಹಾಗೆ ಹಾಡುವುದನ್ನು ಕಲಿತವಳು ನಾನು. ಇಲ್ಲಿ ನೋಡಿದರೆ ಬೆರಳೆಣಿಕೆಯ ಮನೆಗಳ ಸಭೆ, ಚಾಪೆಯ ಮೇಲೆ ಕೂತು, ತಾಳ ಬಡಿದುಕೊಂಡು, ನಾಟಕದ ಧಾಟಿಯಲ್ಲಿ ಕೀರ್ತನೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾಸ್ತರರು ಒಂದೊಂದು ಸಾಲನ್ನೂ ಎಳೆದೆಳೆದು, ಬಾಗಿಸಿ, ತಿರುವಿ, ಕಡೆಗೆ ಎಲ್ಲಿಗೋ ಒಯ್ದು ಬಿಡುತ್ತಿದ್ದರು. ನಾನು ಮುಗಿಸಿ ಬಾಯಿ ಮುಚ್ಚಿದ ಮೇಲೂ ಅವರದು ನಡೆದೇ ಇರುತ್ತಿತ್ತು.

"ಮಾಸ್ತರ್ರ, ಇದು ಹಿಂಗಲ್ರಿ, ಪುಸ್ತಕದಾಗ ಬ್ಯಾರೇನ ಐತಿ" ಎಂದು ಒಂದು ದಿನ ಎಲ್ಲರೆದುರೇ ಅಂದುಬಿಟ್ಟೆ.

"ಪುಸ್ತಕಕ್ಕ ದಮ್ಮು ಇಲ್ಲಲ್ಲ ತಂಗಿ, ಅದಕ ಅದು ಲಗೂನ ಮುಗಸ್ತೈತಿ" ಎಂದು ನಕ್ಕರು. ಗಂಡಸರೆಲ್ಲ ನಕ್ಕರು. ತಬಲಾ ನುಡಿಸುತ್ತಿದ್ದ ನನ್ನ ಗಂಡನೂ ನಕ್ಕ. ಮನೆಗೆ ಹೋದ ಮೇಲೆ ಅವನಿಗೆ ಸಿಕ್ಕ ಮಂಗಳಾರತಿ ಬೇರೆ.

ಈಸ್ಟರ್ ಬಂದರೆ ಮಾತ್ರ ಮಾಸ್ತರರನ್ನು ಹಿಡಿಯುವವರಿರಲಿಲ್ಲ. ಹಿಂದಿನ ದಿನವೆಲ್ಲ ಸ್ಮಶಾನದಲ್ಲಿ ಗೋರಿಗಳಿಗೆ ಸುಣ್ಣ ಬಳಿಯುವುದು. ಭಾನುವಾರ ಹೊತ್ತು ಮೂಡುವ ಮೊದಲೇ ಎಲ್ಲರೂ ಮೇಣದಬತ್ತಿ, ಮಲ್ಲಿಗೆ ಹೂ ಹಿಡಿದು ಅಲ್ಲೇ ಸೇರುವುದು. ಸಿಂದಗಿ, ಮುದ್ದೇಬಿಹಾಳದ ಸಭೆಗಳನ್ನೂ ನೋಡಿಕೊಳ್ಳುತ್ತಿದ್ದ ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಯಾವ ಊರಿನಲ್ಲಿ ಇರುತ್ತಿದ್ದರೋ ಏನೋ, ಎಷ್ಟೋ ಸಲ ಬಿಸಿಲೇರಿದ ಮೇಲೆ ಬಂದು ಮುಟ್ಟುತ್ತಿದ್ದರು. ಅಲ್ಲಿಯತನಕ ಮಾಸ್ತರರ ಹಾಡು. ಅವರೇ ಕಟ್ಟಿದ ಒಂದು ಹಾಡಿತ್ತು, "ಎದ್ದಾನ, ಎದ್ದಾನ" ಎಂದು ಶುರುವಾಗುತ್ತಿತ್ತು. ಯೇಸು ಸಮಾಧಿಯಿಂದ ಎದ್ದು ಬಂದ ಸುದ್ದಿಯನ್ನು ಊರಿಗೆ ಸಾರುವ ಹಾಡು. ನಾಟಕದ ರಾಜ ರಂಗಕ್ಕೆ ಬರುವಾಗ ನುಡಿಸುವ ಅಬ್ಬರದ ಧಾಟಿ ಅದಕ್ಕೆ. ನನಗೆ ಸೇರದಿದ್ದರೂ ಕಾಲು ತಾಳ ಹಾಕುತ್ತಿದ್ದುದು ಸುಳ್ಳಲ್ಲ.

ಮರುದಿನ ಸೋಮವಾರದಿಂದ ಹಳ್ಳಿಗಳ ಕಡೆ ಹೋಗುವ ರೂಢಿ. ಒಂದು ಟ್ರ್ಯಾಕ್ಸ್ ಜೀಪು ಗೊತ್ತು ಮಾಡಿ, ಪೇಟಿ, ತಬಲಾ, ಬೂಂದಿ ಉಂಡೆಯ ಬುಟ್ಟಿ ಏರಿಸಿಕೊಂಡು ಹೊರಡುತ್ತಿದ್ದೆವು. ಓಣಿಯ ಬಾಯಲ್ಲಿ ನಿಂತು ಹಾಡುವುದು, ಉಂಡೆ ಹಂಚುವುದು, ಸಭೆಯ ಆಡಳಿತ ನೋಡುತ್ತಿದ್ದ ಹಿರಿಯರೊಬ್ಬರು ಸುವಾರ್ತೆಯ ನಾಲ್ಕು ಮಾತು ಹೇಳುವುದು. ಕೇಳುವವರು ಕೇಳುತ್ತಿದ್ದರು, ಬೇಡವಾದವರು ಉಂಡೆ ತಿಂದು ಹೋಗುತ್ತಿದ್ದರು. ಏಪ್ರಿಲ್ ಬಿಸಿಲು ಅಂದರೆ ತಮಾಷೆಯಲ್ಲ. ಅದಕ್ಕೇ ನಸುಕಿನಲ್ಲೇ ಮೊದಲ ಹಳ್ಳಿ ಮುಟ್ಟಬೇಕು.

ಒಂದು ವರ್ಷ ಇಂಗಳೇಶ್ವರದ ಆಚೆಗಿನ ಒಂದು ಹಳ್ಳಿಗೆ ಹೋದೆವು. ಹಿಂದಿನ ವರ್ಷ ಅದೇ ಓಣಿಯಲ್ಲಿ ನಾಲ್ಕು ಹುಡುಗರು, ಒಂದು ನಾಯಿ ಬಿಟ್ಟರೆ ಯಾರೂ ಬಂದಿರಲಿಲ್ಲ. ಈ ಸಲ ಇಳಿದು ನೋಡಿದರೆ ಕಟ್ಟೆಗಳ ಮೇಲೆಲ್ಲ ಜನ! ಗಂಡಸರು ಟವೆಲ್ಲು ಹೊದ್ದು ಸುಮ್ಮನೆ ಕೂತಿದ್ದಾರೆ, ಹೆಂಗಸರು ಗೋಡೆಯ ಮಗ್ಗುಲಿಗೆ ಗುಂಪಾಗಿದ್ದಾರೆ. ನಮಗೋ ಹಿಗ್ಗು. ನಾವು ಬರುವ ಸುದ್ದಿ ಯಾರೋ ಮುಟ್ಟಿಸಿರಬೇಕು, ಜನ ಕಾದು ಕೂತಿದ್ದಾರೆ ಅಂದುಕೊಂಡೆವು. ಮಾಸ್ತರರು ಪೇಟಿಯನ್ನು ಕೊರಳಿಗೆ ಕಟ್ಟಿಕೊಂಡು, ಎಂದೂ ಇಲ್ಲದ ಎತ್ತರದ ಸ್ವರ ಹಿಡಿದರು. ನಾವೆಲ್ಲ ದನಿಗೂಡಿಸಿದೆವು. "ಎದ್ದಾನ! ಎದ್ದಾನ!" ಎಂದು ಓಣಿ ಕಿತ್ತುಹೋಗುವ ಹಾಗೆ ಕೂಗುತ್ತಾ ಆ ಜನರ ನಡುವೆಯೇ ನಡೆದೆವು.

ಒಂದು ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಒಬ್ಬ ಯಜಮಾನರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಮಾಲೆ, ಗದ್ದಕ್ಕೆ ಬಿಳಿ ಬಟ್ಟೆಯ ಕಟ್ಟು.

ನನ್ನ ಬಾಯಿ ಅಲ್ಲೇ ಕಟ್ಟಿಹೋಯಿತು. ಹಿಂದಿನವರಿಗೆ ಕಾಣದು, ಅವರು ಹಾಡುತ್ತಲೇ ಇದ್ದರು. ತಬಲಾ ನಿಂತಿತು, ಕಡೆಗೆ ಪೇಟಿ ನಿಂತಿತು. ಹೆಣದ ಪಕ್ಕದಿಂದ ಆತನ ಹೆಂಡತಿ ಎದ್ದು ಹೊಸ್ತಿಲಿಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಅತ್ತೂ ಅತ್ತೂ ದನಿ ಹೋಗಿತ್ತು.

"ಯಾರು ಎದ್ದಾರ್ರಿ?" ಅಂದರು. "ನಮ್ಮವರಂತೂ ಏಳವಲ್ರು."

ಅಯ್ಯೋ ದೇವರೇ! ಆ ಮಾತು ಕೇಳಿ ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ಕಟ್ಟೆಯ ಮೇಲಿನ ಹುಡುಗರು ಎದ್ದು ನಿಂತರು. "ಹೆಣದ ಮುಂದ ಬಂದು ಚ್ಯಾಷ್ಟಿ ಹಚ್ಚೀರೇನು?" ಎಂದು ಒಬ್ಬ ತೋಳು ಮಡಚಿಕೊಂಡು ಬಂದ. ನಮ್ಮ ಸಭೆಯ ಹಿರಿಯರು ಗಡಿಬಿಡಿಯಿಂದ "ನಡೀರಿ, ಗಾಡಿ ಹತ್ತರಿ ಎಲ್ಲಾರೂ" ಎಂದು ಹಿಂದಿನಿಂದ ಕೂಗಿದರು. ಮಾಸ್ತರರು ಹತ್ತಲಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲಿನ ತನಕ ಹೋಗಿ ಕೈ ಮುಗಿದರು.

"ತಪ್ಪಾತ್ರಿ ಯವ್ವಾ. ನಮಗ ಗೊತ್ತಿರಲಿಲ್ಲ."

ಆಕೆ ಬಯ್ಯಲಿಲ್ಲ. ಅವರ ಕೊರಳಲ್ಲಿದ್ದ ಪೇಟಿಯನ್ನೇ ನೋಡಿದರು. "ನಮ್ಮೂರ ಭಜನಿಯವರು ಲಚ್ಯಾಣದ ಮಠಕ್ಕ ಹೋಗ್ಯಾರ. ನಿನ್ನಿ ಸಂಜಿಯಿಂದ ಇವರ ಮುಂದ ಒಂದು ತಾಳದ ಸಪ್ಪಳ ಇಲ್ಲ. ಮಗಾ ಪುಣೆದಿಂದ ಬರೂತನಕ ಕುಂತು ಏನರ ಹಾಡ್ರಿ. ಬಂದೀರಿ, ಇವರ್ನ ಹಿಂಗ ಮೂಕರಂಗ ಕುಂಡರಸಿ ಹೋಗಬ್ಯಾಡ್ರಿ" ಅಂದರು.

ನಮ್ಮ ಸೀಮೆಯಲ್ಲಿ ಹೆಣವನ್ನು ಸದ್ದಿಲ್ಲದೆ ಇಡುವುದಿಲ್ಲ. ಮಣ್ಣಿಗೆ ಒಯ್ಯುವ ತನಕ ಯಾರಾದರೂ ಕೂತು ಭಜನೆ ಮಾಡುತ್ತಲೇ ಇರಬೇಕು. ಅದಿಲ್ಲದಿದ್ದರೆ ಸತ್ತವರಿಗೆ ಅವಮಾನ ಮಾಡಿದ ಹಾಗೆ.

ಮಾಸ್ತರರು ತಿರುಗಿ ಹಿರಿಯರ ಮುಖ ನೋಡಿದರು. ಹಿರಿಯರು ಕೆಟ್ಟವರಲ್ಲ. ಸಭೆಯ ಗೋಡೆ ಎದ್ದದ್ದೇ ಅವರ ಓಡಾಟದಿಂದ. ಆದರೆ ಒಮ್ಮೆ ಅಂದರೆ ಮುಗಿಯಿತು, ಹಿಂದೆ ತೆಗೆದುಕೊಳ್ಳುವ ಜಾತಿಯಲ್ಲ. "ನಾವು ಬಂದದ್ದು ಸುವಾರ್ತಿ ಹೇಳಾಕ. ಅವರ ಹಾಡು ಹಾಡಾಕಲ್ಲ" ಎಂದು ದನಿ ತಗ್ಗಿಸಿ ಅಂದರು. "ಅಲ್ಲಿ ಕುಂತು ಭಜನಿ ಮಾಡೂದಾದ್ರ ಮುಂದಿನ ಐತವಾರದಿಂದ ನೀವು ಸಭೆಯ ಪೇಟಿ ಮುಟ್ಟಬ್ಯಾಡ್ರಿ."

"ಆತ್ರಿ" ಅಂದರು ಮಾಸ್ತರರು. ಅಷ್ಟೇ. ಒಳಗೆ ಹೋಗಿ ಹೆಣದ ಎದುರು ಪೇಟಿ ಇಳಿಸಿ ಕೂತರು.

ಟ್ರ್ಯಾಕ್ಸ್ ಮುಂದಿನ ಹಳ್ಳಿಗೆ ಹೊರಟಿತು. ನಾನು ಹತ್ತಲಿಲ್ಲ. ಹಿರಿಯರ ಮಾತಿಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದರೆ ನಿಂತಲ್ಲಿಂದ ಕಾಲು ಕೀಳುವವಳಲ್ಲ ನಾನು, ಅದು ಹುಟ್ಟುಗುಣ. ಗಂಡ ನನ್ನ ಮುಖ ನೋಡಿದ, ತಬಲಾದ ಗಂಟು ಹೊತ್ತುಕೊಂಡು ಒಳಗೆ ನಡೆದ. ನಾನು ತಾಳ ತೆಗೆದುಕೊಂಡು ಹೆಂಗಸರ ಕಡೆ ಕೂತೆ.

ಮಾಸ್ತರರಿಗೆ ಎಷ್ಟು ತತ್ವಪದಗಳು ಬರುತ್ತಿದ್ದವೋ! ನಾಟಕದ ದಿನಗಳಲ್ಲಿ ಕಲಿತವು ಇರಬೇಕು. ಒಂದು ಮುಗಿಯುವುದರೊಳಗೆ ಇನ್ನೊಂದು. ಭಾನುವಾರ ನನ್ನ ತಲೆ ತಿನ್ನುತ್ತಿದ್ದ ಆ ಎಳೆತವೇ ಅಲ್ಲಿ ಬೇಕಾಗಿತ್ತು. ಎಳೆದಷ್ಟೂ ಹೊತ್ತು ಸರಿಯುತ್ತಿತ್ತು, ಅಳುವವರಿಗೆ ಅಳಲು ಜಾಗ ಸಿಗುತ್ತಿತ್ತು. ತೋಳು ಮಡಚಿಕೊಂಡು ಬಂದಿದ್ದ ಹುಡುಗನೇ ನೀರಿನ ತಂಬಿಗೆ ತಂದು ಮಾಸ್ತರರ ಪಕ್ಕದಲ್ಲಿಟ್ಟ. ಬಿಸಿಲೇರಿತು. ಮನೆಯಾಕೆ ನಡುವೆ ಒಮ್ಮೆ "ನಿಮ್ಮವೂ ಒಂದೆರಡು ಹಾಡ್ರಿ, ಯಾವುದಾದರೇನು" ಅಂದರು. ಮಾಸ್ತರರು ಶುಭ ಶುಕ್ರವಾರದ ಹಾಡು ಹಾಡಿದರು, ಯೇಸುವಿನ ತಾಯಿ ಶಿಲುಬೆಯ ಕೆಳಗೆ ನಿಂತ ಹಾಡು. ಅದು ನನಗೆ ಬರುತ್ತಿತ್ತು, ನಾನೂ ದನಿಗೂಡಿಸಿದೆ. ಅದು ಮುಗಿದ ಮೇಲೆ ಈಸ್ಟರ್ ಹಾಡು ಹಾಡೋಣವೇ ಎಂದು ಕಣ್ಣಲ್ಲೇ ಕೇಳಿದೆ. ಬೇಡ ಎಂದು ತಲೆ ಅಲ್ಲಾಡಿಸಿದರು.

ಮಗ ಬಂದಾಗ ಮಧ್ಯಾಹ್ನ ದಾಟಿತ್ತು. ಬಾಗಿಲಲ್ಲಿ ಅವನ ಗೋಳು ಕೇಳಿದ ಮೇಲೆ ಮಾಸ್ತರರು ಪೇಟಿ ಮುಚ್ಚಿ ಎದ್ದರು. ಪಕ್ಕದ ಮನೆಯವರು ಕೊಟ್ಟ ರೊಟ್ಟಿ, ಪುಂಡಿಪಲ್ಯೆ ಬೇವಿನ ಗಿಡದ ಕೆಳಗೆ ತಿಂದು, ಬಸ್ಸಿನ ದಾರಿ ಹಿಡಿದೆವು. ಅವರ ದನಿ ಪೂರಾ ಬಿದ್ದುಹೋಗಿತ್ತು. ಆ ಬಿದ್ದ ದನಿಯಲ್ಲೇ, "ತಂಗಿ, ಇವತ್ತ ಒಮ್ಮೆನೂ ಪುಸ್ತಕ ನೆನಪಾಗಲಿಲ್ಲೇನು?" ಎಂದು ಕೆಣಕಿದರು. ನನಗೆ ನಗುವೂ ಬಂತು, ಅಳುವೂ ಬಂತು.

ಹಿರಿಯರು ಮಾತು ಉಳಿಸಿಕೊಂಡರು. ಅಯ್ಯನವರು ಸಿಂದಗಿಯಿಂದ ಬಂದ ದಿನ ಸಭೆ ಸೇರಿಸಿದರು. ಮಾಸ್ತರರು ತಪ್ಪಾಯಿತು ಅಂದರೆ ಬಿಟ್ಟುಬಿಡುವುದು ಎಂದಿತ್ತು. "ಓಣ್ಯಾಗ ಹೋಗಿ ಕೂಗಿದ್ದು ತಪ್ಪು, ಅದಕ್ಕ ಆ ತಾಯಿಗೆ ಕೈ ಮುಗದೇನಿ. ಕುಂತು ಹಾಡಿದ್ದು ತಪ್ಪಲ್ರಿ" ಅಂದರು. ನಾನು ಎದ್ದು ನಿಂತು ಜಗಳವಾಡಿದೆ, ಗಂಡನೂ ಹೇಳಿದ. ಅಯ್ಯನವರು ಇಬ್ಬರಿಗೂ ಸರಿ ಅನ್ನಿಸುವ ಹಾಗೆ ಮಾತಾಡಿ ಕೊನೆಯ ಬಸ್ಸಿಗೆ ಹೊರಟರು. ಪೇಟಿ ಕಪಾಟು ಸೇರಿತು. ವಿಜಾಪುರದಿಂದ ಕರೆಂಟಿನ ಕೀಬೋರ್ಡ್ ಬಂತು, ನುಡಿಸಲು ಕಾಲೇಜು ಹುಡುಗನೊಬ್ಬ ಬಂದ.

ಮಾಸ್ತರರು ಸಭೆ ಬಿಡಲಿಲ್ಲ. ಪ್ರತಿ ಭಾನುವಾರ ಬಂದು ಹಿಂದಿನ ಚಾಪೆಯ ತುದಿಗೆ ಕೂರುತ್ತಿದ್ದರು. ಹಾಡು ಶುರುವಾದರೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಒಂದು ಪೇಟಿ ಕೊಂಡುಕೊಡೋಣ ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡದ್ದುಂಟು. "ಇನ್ನ ಬ್ಯಾಡ ತಂಗಿ, ಬೆರಳು ಮರತಾವ" ಅಂದರು. ಸುಳ್ಳು...

ಮರುವರ್ಷದ ಮಳೆಗಾಲದಲ್ಲಿ ಜ್ವರ ಬಂದು, ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಳೆ ಬರುವ ಹಾಗಿತ್ತು, ಅಯ್ಯನವರಿಗೆ ಮುದ್ದೇಬಿಹಾಳಕ್ಕೆ ಹೋಗುವುದಿತ್ತು. ಅಂದೇ ಸಂಜೆಯೊಳಗೆ ಮಣ್ಣು ಮಾಡಿದೆವು. ಒಂದು ಪ್ರಾರ್ಥನೆ, ಎರಡು ಹಾಡು. ಕೀಬೋರ್ಡನ್ನು ಸ್ಮಶಾನಕ್ಕೆ ಒಯ್ಯಲು ಬರುವುದಿಲ್ಲ. ಕಪಾಟಿನ ಪೇಟಿ ತೆಗೆದರೆ ಒಳಗೆ ಇಲಿ ಕಡಿದಿತ್ತು. ಬರಿ ದನಿಯಲ್ಲೇ ಹಾಡಿ ಮುಗಿಸಿದೆವು. ಮನೆಗೆ ಬಂದಾಗ ಇನ್ನೂ ಬೆಳಕಿತ್ತು.

ವಾರವೊಂದು ಕಳೆದಿರಬೇಕು. ನಮ್ಮ ಮನೆಯ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಆ ಹಳ್ಳಿಯ ತಾಯಿ, ಪುಣೆಯ ಮಗ, ಜೊತೆಗೆ ಊರಿನ ಭಜನಾ ಮೇಳದವರು ಪೇಟಿ ತಾಳ ಹಿಡಿದು ಇಳಿದರು. ಸಂತೆಯಲ್ಲಿ ಯಾರೋ ಸುದ್ದಿ ಹೇಳಿದ್ದರಂತೆ. ಸ್ಮಶಾನಕ್ಕೆ ಕರೆದೊಯ್ದೆ. ಹಸಿ ಮಣ್ಣಿನ ದಿಬ್ಬದ ಸುತ್ತ ಕೂತರು. ಆ ತಾಯಿ ಮಣ್ಣಿನ ಮೇಲೆ ಕೈಯಿಟ್ಟು ಕೇಳಿದರು:

"ಇವರ ಮುಂದ ಯಾರು ಕುಂತಿದ್ರಿ ಯವ್ವಾ? ಮಣ್ಣಿಗೆ ಒಯ್ಯೂತನಕ ಯಾರು ಹಾಡಿದ್ರಿ?"

ನಾನು ಬಾಗಿ ದಿಬ್ಬದ ಮೇಲಿನ ಒಣಗಿದ ಹೂ ಆರಿಸತೊಡಗಿದೆ. ಮೇಳದವರು ಹಾಡತೊಡಗಿದರು. ಸ್ವಲ್ಪ ಹೊತ್ತಿಗೆ ನಮ್ಮ ಹಿರಿಯರು ಗೇಟಿನ ಹತ್ತಿರ ಬಂದು ನಿಂತದ್ದು ಕಂಡಿತು. ಮೇಳದವರನ್ನು ತಡೆಯಲು ಬಂದರೇನೋ ಎಂದು ನಾನು ಸೆರಗು ಬಿಗಿದುಕೊಂಡು ಎದ್ದೆ. ಅವರು ತಡೆಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಹಾಡು ಮುಗಿಯುವ ತನಕ ಅಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.

ಈಗ ನಮ್ಮ ಸಭೆಯಲ್ಲಿ ಯಾರೇ ತೀರಿಕೊಂಡರೂ ಮಣ್ಣಿಗೆ ಒಯ್ಯುವ ತನಕ ಕೂತು ಹಾಡುತ್ತೇವೆ. ಇಂಥ ದಿನ ಶುರುವಾಯಿತು ಎಂದು ಯಾರೂ ಹೇಳಲಾರರು, ಯಾರೂ ಗೊತ್ತುವಳಿ ಮಾಡಲಿಲ್ಲ. ಆಮೇಲೆ ಹಿರಿಯರು ಹೋದಾಗ ಅವರ ಮಗಳು ಬೆಂಗಳೂರಿಂದ ಬರುವುದು ತಡವಾಯಿತು, ಬೆಳಗಿನಿಂದ ಸಂಜೆಯ ತನಕ ದನಿ ಬೀಳುವಷ್ಟು ಹಾಡಿದೆವು. ಒಂದೊಂದು ಸಾಲನ್ನೂ ಎಳೆದು ಎಳೆದು ಹಾಡಿದವಳು ನಾನೇ. ನಾಳೆ ನಾನು ಹೋದರೂ ಯಾರಾದರೂ ಕೂತು ಹಾಡುತ್ತಾರೆ, ಆ ಚಿಂತೆ ನನಗಿಲ್ಲ. ಎಲ್ಲರಿಗೂ ಹಾಡುತ್ತೇವೆ. ಮಾಸ್ತರರಿಗೊಬ್ಬರಿಗೆ ಕೂತು ಹಾಡಲಿಲ್ಲ.