ತಿರುಗಿಸಿ ಬಿಗಿದ ಜೀನು

ನಮ್ಮಲ್ಲಿ ಕುರ್ಸಿಯ ಮೇಲೆ ಕೂಡುತ್ತಾರೆ; ಇರಾನಿನ ತಬ್ರೀಜಿನಲ್ಲಿ ಕುರ್ಸಿಯ ಕೆಳಗೆ ಕಾಲು ಚಾಚುತ್ತಾರೆ. ಮೊದಲ ಸಂಜೆ ಮನೆಯೊಡತಿ “ಕುರ್ಸಿಗೆ ಬನ್ನಿ” ಎಂದಾಗ ನಾನು ಠೀವಿಯಿಂದ ಹೋಗಿ ಅದರ ಮೇಲೇ ಕೂತುಬಿಟ್ಟೆ. ಅದೊಂದು ಗಿಡ್ಡ ಮೇಜು. ಕೆಳಗೆ ಕೆಂಡ, ಮೇಲೆ ದಪ್ಪನೆಯ ಕೌದಿ. ಮನೆಮಂದಿಯೆಲ್ಲ ಸುತ್ತ ಕೂತು ಕೌದಿಯೊಳಗೆ ಕಾಲಿಟ್ಟು ಚಳಿಗಾಲ ಕಳೆಯುತ್ತಾರೆ. ನನ್ನ ಹೆಂಡತಿ ಅಂಬವ್ವ ತಳಕಲ್ಲಿನವಳು. ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಕುಕನೂರಿನಲ್ಲಿ ಹುಟ್ಟಿದ ನನಗೆ ಚಳಿಯೆಂದರೆ ಬೆಳಗಿನ ಜಾವಕ್ಕೊಂದು ಕಂಬಳಿ. ಇಲ್ಲಿ ಬಾವಿಯ ಹಗ್ಗವೂ ಸೆಟೆದು ನಿಲ್ಲುತ್ತದೆ.

ನಿಜಾಮರ ಶಾಲೆಯಲ್ಲಿ ಕಲಿತ ಫಾರ್ಸಿ ಇದೆಯೆಂಬ ಜಂಬ ನನಗಿತ್ತು. ಇಲ್ಲಿಯ ಬೀದಿಯ ಮಾತು ತುರ್ಕಿ. ನಾನು ತಡವರಿಸುತ್ತಿರುವಾಗಲೇ ಅಂಬವ್ವ ಕಾಯಿಪಲ್ಯದವನ ಹತ್ತಿರ ಚೌಕಾಸಿ ಮಾಡತೊಡಗಿದ್ದಳು. ಜೋಳ ಮಾತ್ರ ಸಿಗದು. ಗೋಧಿ ಹಿಟ್ಟನ್ನೇ ಬಡಿದು, “ಇದಕ್ಕ ರೊಟ್ಟಿ ಅನಬಾರದ್ರಿ, ಹೊಟ್ಟಿ ತುಂಬತೈತಿ ಅಷ್ಟ,” ಎನ್ನುತ್ತಾಳೆ.

ಹೊರಡುವಾಗ ಅಪ್ಪ ಕೇಳಿದ್ದರು: “ಊರು ಸುಟ್ಟವ್ರ ಕಾಲದ ಚಿತ್ರ ನೋಡಾಕ ಅಷ್ಟು ದೂರ ಹೋಗ್ಬೇಕೇನಪಾ?”

ಹೌದು, ಮಂಗೋಲರು ಊರು ಸುಟ್ಟರು. ಸುಟ್ಟ ಊರುಗಳ ಕುಶಲಕರ್ಮಿಗಳನ್ನು ಹಿಡಿದುಕೊಂಡೂ ಹೋದರು. ಹಾಗೆ ದೇಶ ದಾಟಿದವರ ಕೈಯಿಂದಲೇ ಚೀನಾದ ಸುರುಳಿ ಮೋಡ ಇರಾನಿನ ಚಿತ್ರಗಳಿಗೆ ಬಂತು. ಆ ಕೈಗಳನ್ನು ಹುಡುಕಿಕೊಂಡು ಬಂದವನು ನಾನು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಈಗಲೂ ಬೇಕಿಲ್ಲ.

ಹೊಟ್ಟೆಪಾಡಿಗೆ ಯುರೋಪಿನ ಒಬ್ಬ ಪಂಡಿತರ ಬಳಿ ಮುನ್ಷಿಯಾದೆ. ಹಳೆಯ ಚಿತ್ರಗಳ ಬಗ್ಗೆ ಅವರು ಹೇಳಿದ್ದನ್ನು ಅಚ್ಚಿಗಾಗಿ ಶುದ್ಧವಾಗಿ ಬರೆದುಕೊಡುವುದು ಕೆಲಸ. ಮಂಗೋಲರ ಕಾಲದ ಒಂದು ಚಿತ್ರದಲ್ಲಿ ರಾಜಕುಮಾರನ ಹೆಣ ಸಾಗುತ್ತಿತ್ತು. ಜೊತೆಗೆ ಅವನ ಕುದುರೆ. ಅದರ ಬೆನ್ನ ಮೇಲಿನ ಜೀನು ಹಿಂದುಮುಂದಾಗಿತ್ತು.

“ಚಿತ್ರಗಾರನ ತಪ್ಪು ಎಂದು ಬರೆಯಿರಿ,” ಎಂದರು ಪಂಡಿತರು.

ನನ್ನ ಕೈ ಏಳಲಿಲ್ಲ. ನಮ್ಮಲ್ಲಿ ದೇವರನ್ನು ಬಲಕ್ಕೆ ಸುತ್ತುತ್ತೇವೆ, ಚಿತೆಯನ್ನು ಎಡಕ್ಕೆ. ಸಾವು ಬಂದಲ್ಲಿ ರೀತಿ ತಿರುವುಮುರುವಾಗುತ್ತದೆ. ಇದೂ ಹಾಗೇ ಇರಬೇಕು ಎಂದೆ.

“ನಿಮ್ಮ ಹಳ್ಳಿ ಪುರಾವೆಯಲ್ಲ.”

ಆ ಮಾತು ಸರಿಯೇ. ಅದಕ್ಕೇ ಚಳಿಗಾಲವಿಡೀ ಹಳೆಯ ಫಾರ್ಸಿ ಚರಿತ್ರೆಗಳನ್ನು ತಡಕಾಡಿದೆ. ಮಂಗೋಲ ದೊರೆಯೊಬ್ಬ ಸತ್ತಾಗ ಕುದುರೆಗಳಿಗೆ ಜೀನು ತಿರುಗಿಸಿ ಬಿಗಿದರೆಂದು ಒಂದರಲ್ಲಿ ಕಂಡಿತು. ಆ ಪುಟ ತೆರೆದು ಅವರ ಮುಂದಿಟ್ಟೆ. ಪಂಡಿತರು ಓದಿದರು, ಮುಚ್ಚಿದರು.

“ನಿಮ್ಮನ್ನು ಇಟ್ಟುಕೊಂಡಿರುವುದು ಬರೆಯುವುದಕ್ಕೆ. ನಾಳೆ ಆ ಸಾಲು ಬರೆಯಿರಿ, ಇಲ್ಲವೇ ಬೇರೆ ಕೆಲಸ ನೋಡಿಕೊಳ್ಳಿ.”

ಮನೆಗೆ ಬಂದು ಅಂಬವ್ವನಿಗೆ ಎಲ್ಲ ಹೇಳಿದೆ.

“ಬರದ್ರ ಏನಾಗತೈತ್ರಿ?” ಎಂದಳು.

“ಸುಳ್ಳು ನನ್ನ ಅಕ್ಷರದಾಗ ಉಳೀತೈತಿ.”

“ಬರೀದಿದ್ರ?”

“ಪಗಾರ ಹೋಗತೈತಿ.”

ಅವಳು ಕೆಂಡ ಕೆದಕಿದಳು. “ಹೋಗ್ಲಿ ಬಿಡ್ರಿ, ದುಡಿಯೋ ಕೈ ಅದಾವು. ಆದ್ರ ಊರಿಗೆ ಹೊಂಡೂದು ಬ್ಯಾಡ. ಈಗ ಹೋದ್ರ ಸೋತು ಬಂದ್ರು ಅಂತಾರ.”

ನಾನು ಬರೆಯಲಿಲ್ಲ. ಕೆಲಸ ಹೋಯಿತು. ಪಂಡಿತರ ಪುಸ್ತಕ ಬೇರೊಬ್ಬನ ಅಕ್ಷರದಲ್ಲಿ ಅಚ್ಚಿಗೆ ಹೋಯಿತು, ಆ ಸಾಲಿನ ಸಮೇತ. ಈಗ ಗಾಲೀಚೆ ವ್ಯಾಪಾರಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಉಳಿದ ಹೊತ್ತು ಚಿತ್ರ ನೋಡುತ್ತೇನೆ. ಅಂಬವ್ವ ಅಕ್ಕಪಕ್ಕದ ಹೆಂಗಸರ ಜೊತೆ ಉಣ್ಣೆ ನೂಲುತ್ತಾಳೆ.

ಇಲ್ಲಿಯವರು ನನ್ನನ್ನು ‘ಹಿಂದಿ’ ಎನ್ನುತ್ತಾರೆ, ಹಿಂದುಸ್ತಾನದವನೆಂದು. ಊರಿನ ಗೆಳೆಯರು ಕಾಗದದಲ್ಲಿ ‘ಇರಾನಿ’ ಎಂದೇ ಕರೆಯುತ್ತಾರೆ. ಎರಡಕ್ಕೂ ಓಗೊಡುತ್ತೇನೆ. ಎರಡೂ ಚುಚ್ಚುತ್ತವೆ, ಸುಳ್ಳೇಕೆ ಹೇಳಲಿ?

ನನ್ನ ಮಾತನ್ನು ಅಚ್ಚು ಹಾಕುವವರು ಯುರೋಪಿನಲ್ಲಿ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೂ ಅಡ್ಡಿಯಿಲ್ಲ. ನಮ್ಮೂರ ಕಡೆಯ ಅಳವಂಡಿಯಲ್ಲಿ, ಯಲಬುರ್ಗಿಯಲ್ಲಿ ಕಟ್ಟೆಯ ಮೇಲೆ ಕೂತವರು ಇದನ್ನು ಮೊದಲು ಕನ್ನಡದಲ್ಲಿ ಓದಲಿ: ಆ ಕುದುರೆ ಬರೆದವನು ತಪ್ಪು ಮಾಡಲಿಲ್ಲ. ಅವನು ಸಾವಿನ ಮನೆ ಕಂಡವನು.