ಅರವತ್ತನಾಲ್ಕಕ್ಕೆ ಇಳಿದ ಹಾಡು

ನೂರಿಸ್ ಪಾತೆರ್ನಿನಾಗೆ ಕೋಪ ಬರುತ್ತದೆ ಎಂದರೆ ತಪ್ಪಾದೀತು. ಕೋಪ ಅವಳ ಮನೆಯಲ್ಲೇ ಇರುತ್ತದೆ, ಎಲ್ಲಿಂದಲೋ ಬರಬೇಕಾದ್ದಿಲ್ಲ. ಬಾರಾಂಕಿಯಾ ಪಟ್ಟಣದ ಕಾರಿಸಾಲ್ ಕೇರಿಯಲ್ಲಿ ಅವಳ ಕಸುಬು ಹಾಡು ಇಳಿಸಿಕೊಡುವುದು. ಹಳೆಯ ರೆಕಾರ್ಡುಗಳನ್ನು ಮುಂಗೋಣೆಯ ಮೇಜಿನ ಮೇಲೆ ತಿರುಗಿಸಿ, ಕಂಪ್ಯೂಟರಿಗೆ ತುಂಬಿ, ಬೇಕಾದ ಗಾತ್ರಕ್ಕೆ ಹಿಂಡಿ, ಪೆನ್ ಡ್ರೈವಿಗೆ ಹಾಕಿ ಕೊಡುತ್ತಾಳೆ. ಇಪ್ಪತ್ತು ವರ್ಷದಿಂದ ಊರಿನ ಹಾಡನ್ನೆಲ್ಲ ಸಣ್ಣದು ಮಾಡಿದ ಈಕೆಯ ಗಂಟಲು ಮಾತ್ರ ಒಂದೆಳೆಯಷ್ಟೂ ಸಣ್ಣದಾಗಿಲ್ಲ.

ಅವಳ ಗಿರಾಕಿಗಳೆಲ್ಲ ಪಿಕೊ ಇಟ್ಟವರು. ಮನೆಯೆತ್ತರ ಪೇರಿಸಿದ, ಮೈತುಂಬ ಚಿತ್ರ ಬರೆಸಿದ ಸ್ಪೀಕರುಗಳ ಗೋಡೆಯೇ ಪಿಕೊ. ಭಾನುವಾರ ಮಧ್ಯಾಹ್ನ ಬೀದಿಯ ಆ ತುದಿಗೊಂದು ಈ ತುದಿಗೊಂದು ನಿಲ್ಲಿಸಿ, ಯಾರ ಮುಂದೆ ಹೆಚ್ಚು ಜನ ಕುಣಿದರು ಎಂದು ನೋಡುತ್ತಾರೆ. ಗೆಲ್ಲುವುದು ಬೇರೆ ಯಾರ ಹತ್ತಿರವೂ ಇಲ್ಲದ ಹಾಡು. ಅದಕ್ಕೇ ಇವರ ಅಪ್ಪಂದಿರು ಒಳ್ಳೆಯ ರೆಕಾರ್ಡು ಸಿಕ್ಕ ದಿನವೇ ಅದರ ನಡುವಿನ ಚೀಟಿಯನ್ನು ಚಾಕುವಿನಿಂದ ಕೆರೆದು ಹಾಕುತ್ತಿದ್ದರು. ಹಾಡಿದವರು ಯಾರು, ಹಾಡು ಯಾವುದು ಎಂಬುದು ಎದುರಾಳಿಗೆ ತಿಳಿಯಬಾರದು. ಮಕ್ಕಳು ಇನ್ನೊಂದು ಪದ್ಧತಿ ಸೇರಿಸಿದರು. ನೂರಿಸ್ ಕೆಲಸ ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದು, ಅವಳ ಕಂಪ್ಯೂಟರಿನಿಂದ ಹಾಡನ್ನು ಕಣ್ಣೆದುರೇ ಅಳಿಸಿಸಿ ಎದ್ದು ಹೋಗುವುದು. ಸನ್ಯಾಸಿನಿಯರ ಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಬೆತ್ತದ ತಾಳಕ್ಕೆ ಕಲಿತ ನೂರಿಸ್ ಒಂದು ಹಾಡನ್ನೂ ಕದ್ದವಳಲ್ಲ. ಕಾಪಿ ಇಟ್ಟುಕೊಳ್ಳುತ್ತಿರಲಿಲ್ಲ, ಕೋಪ ಮಾತ್ರ ಇಟ್ಟುಕೊಳ್ಳುತ್ತಿದ್ದಳು.

ಒಂದು ಗುರುವಾರ ಬೆಳಿಗ್ಗೆ ಉಲ್ದಾರಿಕೊ ಬಾರಾಸ ಬಂದ. ಅವನ ಪಿಕೊ ಹೆಸರು 'ಅವಿಸ್ಪಾ', ಅಂದರೆ ಕಣಜ. ಹುಳುವಿನ ಕಣಜವೂ ಹೌದು, ಮೂರು ಸಾವಿರ ಹಾಡು ತುಂಬಿದ್ದರಿಂದ ಕಾಳಿನ ಕಣಜವೂ ಹೌದು. ಟವೆಲಿನಲ್ಲಿ ಸುತ್ತಿ ತಂದಿದ್ದ ರೆಕಾರ್ಡನ್ನು ಕೂಸನ್ನು ಬಿಡಿಸುವಂತೆ ಬಿಚ್ಚಿದ. ಅದು 'ಹೊಲಿಗೆ ಯಂತ್ರ'. ಹಡಗಿನ ಕೆಲಸಗಾರನೊಬ್ಬ ಎಪ್ಪತ್ತರ ದಶಕದಲ್ಲಿ ಆಫ್ರಿಕಾದಿಂದ ತಂದು ಅವನಪ್ಪನಿಗೆ ಕೊಟ್ಟದ್ದು. ಗಿಟಾರು ಸೂಜಿಯ ಹಾಗೆ ಟಿಕಿಟಿಕಿ ಓಡುತ್ತದೆಂದು ಕೇರಿಯವರೇ ಇಟ್ಟ ಹೆಸರು. ನಿಜವಾದ ಹೆಸರು ಕೆರೆದುಹೋಗಿ ಐವತ್ತು ವರ್ಷವಾಗಿತ್ತು. ಈಗ ಅಂಚಿನಿಂದ ನಡುವಿನವರೆಗೆ ಬಿರುಕು ಬಿಟ್ಟಿತ್ತು.

"ಇನ್ನೊಂದು ಸಲ ತಿರುಗೀತು, ಅಷ್ಟೆ," ಎಂದಳು ನೂರಿಸ್, ಬಿರುಕಿನ ಮೇಲೆ ಉಗುರಾಡಿಸಿ.

"ಒಂದೇ ಸಲ ಸಾಕು, ನಿನ್ಯಾ ನೂರಿಸ್." ಐವತ್ತಾರು ತುಂಬಿದವಳನ್ನು ಹುಡುಗಿ ಎಂದು ಕರೆಯುವುದು ಅಲ್ಲಿಯ ಮರ್ಯಾದೆ.

ಅವಳು ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದಳು. ಆರು ನಿಮಿಷ. ಬಿರುಕಿನ ಟಕ್ಟಕ್ ಬಿಟ್ಟರೆ ಹಾಡು ಪೂರ್ತಿಯಾಗಿ, ಗಿಟಾರಿನ ಸೂಜಿಯೊಂದಿಗೆ, ಕಂಪ್ಯೂಟರಿಗೆ ಇಳಿಯಿತು. ಅವಳ ಮುಖದಲ್ಲಿ ನಗುವಿನಂಥದ್ದೇನೋ ಮೂಡುವಷ್ಟರಲ್ಲಿ ಉಲ್ದಾರಿಕೊ ಕತ್ತಿನ ದಾರದಿಂದ ಪೆನ್ ಡ್ರೈವ್ ಬಿಚ್ಚಿದ.

"ಮೂರೇ ಎಂಬಿ ಜಾಗ ಇರೋದು. ಅಷ್ಟರಲ್ಲಿ ಹಿಡಿಸಿ."

"ಮೂರು ಎಂಬಿಗೆ ಹಿಡಿಸಬೇಕಂದ್ರೆ ಅರವತ್ತನಾಲ್ಕಕ್ಕೆ, ಅಂದ್ರೆ ಸೆಕೆಂಡಿಗೆ ಅರವತ್ತನಾಲ್ಕೇ ಕಿಲೋಬಿಟ್‌ಗೆ ಇಳಿಸ್ಬೇಕು. ನಾನು ಮುನ್ನೂರಿಪ್ಪತ್ತರ ಕೆಳಗೆ ಈ ಹಾಡನ್ನ ಇಳಿಸಲ್ಲ. ಅದೂ ಬೇಡ, ಏನೂ ಕಳೀದೆ ಬರೀ ಮಡಚಿಡೋ ವಿಧಾನ ಇದೆ. ದೊಡ್ಡ ಡ್ರೈವ್ ತಗೊಳ್ಳಿ."

"ಇದು ಫಾದರ್ ತೀರ್ಥ ಹಾಕಿ ಮಂತ್ರಿಸಿಕೊಟ್ಟಿರೋ ಡ್ರೈವು."

"ನಂದೇ ಹೊಸದೊಂದಿದೆ, ಸುಮ್ನೆ ಕೊಡ್ತೀನಿ."

"ಎರಡು ಡ್ರೈವ್ ಇದ್ರೆ ಒಂದು ಕಳವಾಗತ್ತೆ. ಒಂದು ಕತ್ತು, ಒಂದು ಡ್ರೈವು."

"ಹಾಗಿದ್ರೆ ಅದರಲ್ಲಿರೋ ಎರಡು ಬೇಡದ ಹಾಡು ಅಳಿಸು."

"ನನ್ನ ಮಕ್ಕಳಲ್ಲಿ ಯಾವುದನ್ನ ಕೊಲ್ಲಲಿ, ನೀವೇ ಹೇಳಿ."

ನೂರಿಸ್ ಏಕವಚನಕ್ಕೆ ಇಳಿದದ್ದನ್ನು ಅವನು ಗಮನಿಸಲಿಲ್ಲ. ಕೇರಿಯ ಬೇರೆ ಯಾರೇ ಆಗಿದ್ದರೂ ಅಷ್ಟರಲ್ಲಿ ಓಡಲು ಚಪ್ಪಲಿ ಹುಡುಕುತ್ತಿದ್ದರು.

"ಕೇಳು. ಈ ಕಂಪ್ಯೂಟರು ಹಾಡನ್ನ ಸಣ್ಣ ಮಾಡೋದು ಹೆಂಗೆ ಗೊತ್ತಾ? ಕಿವಿಗೆ ಗೊತ್ತಾಗಲ್ಲ ಅಂತ ತನಗನಿಸಿದ ಸದ್ದನ್ನೆಲ್ಲ ಕತ್ತರಿಸಿ ಎಸೆಯತ್ತೆ. ಸಂಖ್ಯೆ ಇಳಿಸಿದಷ್ಟೂ ಕತ್ತರಿ ದೊಡ್ಡದು. ಅರವತ್ತನಾಲ್ಕಕ್ಕೆ ಮೊದಲು ಹೋಗೋದೇ ಆ ಗಿಟಾರಿನ ಸೂಜಿ. ಸೂಜಿ ಹೋದ ಮೇಲೆ ಇದು ಎಂಥ ಹೊಲಿಗೆ ಯಂತ್ರ?"

ಎರಡೂ ಗಾತ್ರದಲ್ಲಿ ಮಾಡಿ ಕೇಳಿಸಿದಳು. ಮೇಜಿನ ಮೇಲಿನ ಬೆಂಕಿಪೊಟ್ಟಣದಂಥ ಸ್ಪೀಕರಿನಲ್ಲಿ ಎರಡೂ ಒಂದೇ ಥರ ಕಿರುಗುಟ್ಟಿದವು.

"ಒಂದೇ," ಎಂದ ಉಲ್ದಾರಿಕೊ.

"ಹೆಡ್‌ಫೋನ್ ಹಾಕ್ಕೊಂಡು ಕೇಳು."

"ಅದು ಊರಿನ ಕಿವಿಗಳೆಲ್ಲ ಮುಟ್ಟಿದ ಎಂಜಲು ಬಟ್ಟಲು. ಬೇಡ ನನಗೆ."

"ಭಾನುವಾರ ನಿನ್ನ ಪಿಕೊ ಮುಂದೆ ಇಡೀ ಊರಿನ ಕಿವಿ ಇರತ್ತಲ್ಲ ಮಾರಾಯ. ಅದು ಇಂಥ ಡಬ್ಬ ಅಲ್ಲ, ಮನೆಯಷ್ಟು ಎತ್ತರ ಇದೆ. ಇಲ್ಲಿ ಕೂದಲಷ್ಟಿರೋ ತೂತು ಅಲ್ಲಿ ಬಾಗಿಲಾಗತ್ತೆ."

"ನನ್ನ ಹಾಡು, ನನ್ನ ಪಿಕೊ," ಎಂದ ಅವನು. "ಅರವತ್ತನಾಲ್ಕು. ಆಮೇಲೆ ಮಿಕ್ಕಿದ್ದನ್ನ ಅಳಿಸಿ. ನಾನು ನೋಡ್ತಿದ್ದೀನಿ."

ಅರವತ್ತನಾಲ್ಕರದ್ದನ್ನು ಡ್ರೈವಿಗೆ ಹಾಕಿ, ಮಿಕ್ಕಿದ್ದನ್ನೆಲ್ಲ ಅಳಿಸಿದಳು. ಕಸದ ಬುಟ್ಟಿಯ ಚಿತ್ರವನ್ನೂ ಅವನು ಖಾಲಿ ಮಾಡಿಸಿದ. ಆಮೇಲೆ ಹೊಸ್ತಿಲಲ್ಲಿ ನಿಂತು ರೆಕಾರ್ಡನ್ನು ಮೊಣಕಾಲಿಗೆ ಕೊಟ್ಟು ಪಟ್ಟನೆ ಮುರಿದ. ಇನ್ನು ಯಾರ ಕೈಗೂ ಸಿಗುವುದಿಲ್ಲ ಎಂಬ ಸಮಾಧಾನ ಅವನ ಮುಖದಲ್ಲಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೂರಿಸ್ ಸುಮ್ಮನಾದದ್ದು ಕಂಡು ಪಕ್ಕದ ಮನೆಯವರು ಇಣುಕಿ ನೋಡಿದರು.

ಭಾನುವಾರ ಬೀದಿ ತುಂಬಿತ್ತು. ಎದುರಾಳಿಯ ಪಿಕೊ ಸುಸ್ತಾದ ಹೊತ್ತು ನೋಡಿ ಉಲ್ದಾರಿಕೊ ಹೊಲಿಗೆ ಯಂತ್ರ ಹಾಕಿದ. ಮೊದಲು ಡೋಲು, ಎದೆಗೂಡಿಗೇ ಗುದ್ದಿತು. ಅರವತ್ತು ದಾಟಿದ ಜೋಡಿಗಳು ಸೊಂಟ ಹಿಡಿದು ನಡುಬೀದಿಗೆ ಬಂದರು. ಇದೇ ಹಾಡಿಗೆ ಪ್ರೀತಿಸಿದವರು, ಇದೇ ಹಾಡಿಗೆ ಜಗಳಾಡಿ ಬಿಟ್ಟವರು. ಸೂಜಿ ಬರಬೇಕಾದ ಕಡೆ ಬಂದದ್ದು ಚುರ್ರೆನ್ನುವ ಒಂದು ಒದ್ದೆ ಸದ್ದು, ನೀರೊಳಗೆ ಯಾರೋ ಪೊರಕೆ ಆಡಿಸಿದ ಹಾಗೆ. ಮೆಕ್ಕೆಜೋಳದ ಅರೇಪಾ ರೊಟ್ಟಿ ಕರಿಯುತ್ತಿದ್ದ ಹೆಂಗಸು ತಲೆಯೆತ್ತಿ, "ನನ್ನ ಬಾಣಲೆ ಇಲ್ಲಿದೆ, ಅಲ್ಲೇನು ಕರೀತಿದ್ದಾರೆ ಇವರು?" ಎಂದಳು. ಎಲ್ಲರೂ ನಕ್ಕರು. ಮುದಿ ಜೋಡಿಗಳು ಕುಣಿತ ನಿಲ್ಲಿಸಿ, ತಮ್ಮ ಕಿವಿಯೇ ಕೆಟ್ಟಿತೇನೋ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ಕಂಡ ನೂರಿಸ್ ಕೈಯಲ್ಲಿದ್ದ ಶರಬತ್ತನ್ನು ಮೋರಿಗೆ ಚೆಲ್ಲಿ ಮನೆಗೆ ನಡೆದಳು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಅವನು ನಿಂತಿದ್ದ.

"ಮತ್ತೆ ದೊಡ್ಡದು ಮಾಡಿಕೊಡಿ, ನಿನ್ಯಾ ನೂರಿಸ್."

"ಮಾಡ್ತೀನಿ. ಹದಿನಾಲ್ಕು ಎಂಬಿ ಬೇಕಾ, ಅರವತ್ತು ಬೇಕಾ? ಒಳಗೆ ಅದೇ ಚುರ್ರ್ ಇನ್ನೂ ಕಾಲು ಚಾಚ್ಕೊಂಡು ಮಲಗಿರತ್ತೆ, ಅಷ್ಟೆ. ಕತ್ತರಿಸಿ ಎಸೆದದ್ದು ಎಲ್ಲಿಂದ ಬರಬೇಕು?"

"ಬೇರೆ ರೆಕಾರ್ಡು ಎಲ್ಲಾದ್ರೂ..."

"ಹುಡುಕು. ಏನು ಹೆಸರು ಹೇಳಿ ಹುಡುಕ್ತೀಯಾ?"

ಅವನು ದನಿ ತಗ್ಗಿಸಿ, ಪಾಪನಿವೇದನೆಗೆ ಬಂದವನಂತೆ ಕೇಳಿದ: "ನಿಜ ಹೇಳಿ. ನನ್ನ ಕಣ್ಣು ತಪ್ಪಿಸಿ ಒಂದು ಇಟ್ಕೊಂಡಿದ್ದೀರಲ್ವಾ? ನಾನು ಬೈಯಲ್ಲ. ದೇವರಾಣೆ, ಒಂದು ಮಾತೂ ಅನ್ನಲ್ಲ."

ಅವನ ಕಣ್ಣಿನಲ್ಲಿದ್ದ ಆಸೆ ಕಂಡು ನೂರಿಸ್‌ಗೆ ಮೈಯೆಲ್ಲ ಉರಿಯಿತು.

"ಇಪ್ಪತ್ತು ವರ್ಷ ನಾನು ಕಳ್ಳಿ ಅಂತ ನೀನು ಕಾವಲು ಕೂತೆ. ಇವತ್ತು ಕಳ್ಳಿ ಆಗಿರಲಿ ಅಂತ ಹರಕೆ ಹೊರ್ತಿದ್ದೀಯಾ? ಇಟ್ಟಿಲ್ಲ. ಇಡಬೇಕಿತ್ತು. ನಿನ್ನ ಮೇಲಿರೋ ಸಿಟ್ಟಿಗಿಂತ ನನ್ನ ಮೇಲೇ ನನಗೆ ಸಿಟ್ಟು ಜಾಸ್ತಿ, ಅದನ್ನೂ ತಿಳ್ಕೋ."

ಉಲ್ದಾರಿಕೊ ಕೂತು ಅತ್ತ. ಅವಳು ಕಾಫಿ ಕೊಡಲಿಲ್ಲ.

ಅಂದೇ ಅವಳು ರಟ್ಟಿನ ಮೇಲೆ ಬರೆದು ಬಾಗಿಲಿಗೆ ಹೊಡೆದಳು: ಇಲ್ಲಿ ಇಳಿಸಿದ ಪ್ರತಿ ಹಾಡಿನ ಪೂರ್ತಿ ಕಾಪಿಯೊಂದು ಇಲ್ಲೇ ಉಳಿಯುತ್ತದೆ, ಒಪ್ಪದವರು ಮುಂದಿನ ಬೀದಿಗೆ ಹೋಗಬಹುದು. ಎಂಟು ದಿನ ಎಲ್ಲರೂ ಮುಂದಿನ ಬೀದಿಗೇ ಹೋದರು. ನೂರಿಸ್ ಎಂಟು ದಿನವೂ ಬಾಗಿಲಲ್ಲಿ ನಿಂತು, ಹೋಗುವವರ ಬೆನ್ನಿಗೆ ಕೇಳುವಂತೆ ಬೈದಳು. ಒಂಬತ್ತನೆಯ ದಿನ ಉಲ್ದಾರಿಕೊ ಹನ್ನೊಂದು ರೆಕಾರ್ಡು ಹೊತ್ತು ತಂದು ಮೇಜಿನ ಮೇಲಿಟ್ಟ.

"ಇಟ್ಕೊಳ್ಳಿ," ಎಂದ. "ಪೂರ್ತಿ ಇಟ್ಕೊಳ್ಳಿ."

"ಸಂಜೆ ಬಾ," ಎಂದಳು. ಅವನು ಹೋದ.

ಯಾವ ಗಾತ್ರಕ್ಕೆ ಇಳಿಸಲಿ ಎಂದು ಕಂಪ್ಯೂಟರು ಕೇಳಿತು. ಈ ಸಲ ನೂರಿಸ್ ಯಾರನ್ನೂ ಕೇಳದೆ, ಉಲ್ದಾರಿಕೊನನ್ನೂ ಸತ್ತುಹೋದ ಅವನಪ್ಪನನ್ನೂ ಸೇರಿಸಿ ಬೈಯುತ್ತ, ಏನನ್ನೂ ಕಳೆಯದ ವಿಧಾನದ ಮೇಲೆ ಬೆರಳೊತ್ತಿದಳು.