ಉಂಗುರ ಬೆರಳಿನ ಬ್ರೇಕು

ಮಾಳಿಂಗರಾಯರಿಗೆ ನಲವತ್ತಾರು ವರ್ಷ. ಕಮಲಾಪುರದ ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತರು. ಊರ ಹೊರಗೆ ಒಂದು ಎಕರೆ ಕೆಂಪು ಬಾಳೆ ತೋಟ. ಹನ್ನೆರಡು ವರ್ಷಗಳ ಹಿಂದೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವರ ಎಡಗೈಯ ತೋರುಬೆರಳು, ನಡುಬೆರಳು ಹೋದವು. ಬರೆಯುವುದು ಬಲಗೈಯಾದ್ದರಿಂದ ನೌಕರಿಗೇನೂ ತೊಂದರೆಯಾಗಲಿಲ್ಲ. ನಿಂತುಹೋದದ್ದು ವಿಡಿಯೊ ಗೇಮು.

ಅದನ್ನು ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಗೆಳೆಯ ಬುರ್ಹಾನುದ್ದೀನರಿಗೆ ಮಾತ್ರ ಗೊತ್ತಿತ್ತು. ಕಲಬುರಗಿಯಲ್ಲಿ ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದು, ಹಳೇ ಟಿವಿಗೆ ಗೇಮು ಜೋಡಿಸಿ ಪೈಪೋಟಿಯ ಮೇಲೆ ಕಾರು ಓಡಿಸಿದವರು. ಬುರ್ಹಾನುದ್ದೀನರದು ಈಗ ಅದೇ ಊರಿನ ಗಾಜಿಪುರದಲ್ಲಿ ರಿಪೇರಿ ಅಂಗಡಿ. ಮಗಳು ಮುಸ್ಕಾನ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತ ಅಲ್ಲೇ ಒಂದು ಮೇಜು ಹಿಡಿದಿದ್ದಳು.

ಒಂದು ಭಾನುವಾರ ಮಾಳಿಂಗರಾಯರು ಬಸ್ಸಿಳಿದು ಅಂಗಡಿಗೆ ಹೋದಾಗ ಒಳಗೆ ದೊಡ್ಡ ವಾದ ನಡೆದಿತ್ತು. ಗೇಮಿಂಗ್ ಪಾರ್ಲರ್ ನಡೆಸುವ ಅಬ್ರಾರ್ ಹೊಸ ಕನ್ಸೋಲ್ ಕೊಂಡು, ಅದಕ್ಕೆ ಸ್ಟೆಬಿಲೈಜರ್ ಮಾಡಿಸಲು ತಂದಿದ್ದ.

"ಇದರ ಪವರ್ ನೋಡ್ರಿ ಚಾಚಾ. ಹಳೇದರ ಎರಡು ಪಟ್ಟು!" ಎಂದ ಅಬ್ರಾರ್.

"ಐವತ್ತೈದು ಸಾವಿರ ಕೊಟ್ಟಿ. ಅಷ್ಟರಾಗ ಹಳೇವು ಎರಡು ಬರ್ತಿದ್ವು. ಎರಡು ಟಿವಿಗೆ ಹಚ್ಚಿದ್ರ ನಿನಗ ಗಿರಾಕಿನೂ ಎರಡು ಪಟ್ಟು," ಎಂದರು ಬುರ್ಹಾನುದ್ದೀನ್.

ಮಾಳಿಂಗರಾಯರು ಯಂತ್ರದ ಸುತ್ತ ಒಂದು ಸುತ್ತು ಬಂದರು. "ಪವರ್ ಅಂದ್ರ ಏನಪ್ಪ? ಕರೆಂಟ್ ಜಾಸ್ತಿ ತಿಂತದೇನು?"

"ಹಂಗಲ್ರೀ. ಚಿತ್ರದಾಗ ಒಂದೊಂದು ಎಲಿ ಬ್ಯಾರೆ ಬ್ಯಾರೆ ಅಲುಗಾಡತದ. ತೋರಸ್ತೀನಿ ನೋಡ್ರಿ."

ಅಬ್ರಾರ್ ಆಟ ಹಚ್ಚಿದ. ಪರದೆಯ ಮೇಲೆ ಸಮುದ್ರದ ದಂಡೆ, ಬಿರುಗಾಳಿ, ರಸ್ತೆಯ ಬದಿಗೆ ಬಾಳೆಗಿಡಗಳು. ಮಾಳಿಂಗರಾಯರು ಹತ್ತಿರ ಹೋಗಿ ಬಗ್ಗಿ ನೋಡಿದರು.

"ಛಲೋ ಅದ. ಆದ್ರ ಇಷ್ಟು ಗಾಳಿಗೆ ಬಾಳಿ ಎಲಿ ಸೀಳಿ ಹೋಗಬೇಕಲ್ಲ? ಇವು ಹಂಗೇ ಇಡೀ ನಿಂತಾವ."

ಮುಸ್ಕಾನ್ ಜೋರಾಗಿ ನಕ್ಕಳು. "ಕಾಕಾ, ಪವರ್, ರೇಟು ಎರಡೂ ಬಿಡ್ರಿ. ಕೈಯಾಗ ಹಿಡಿಯೋದು ಹೆಂಗದ ಅನ್ನೋದು ಮುಖ್ಯ. ತಗೋರಿ, ನೀವೇ ಹೇಳ್ರಿ," ಎಂದು ಕಂಟ್ರೋಲರ್ ಮುಂದೆ ಚಾಚಿದಳು.

ಅವರ ಎಡಗೈ ಅಂಗಿಯ ಜೇಬಿಗೆ ಹೋಯಿತು. "ನನಗ ಬ್ಯಾಡವ್ವ."

"ಹಿಡಿಯೋ ಮಾರಾಯ," ಎಂದರು ಬುರ್ಹಾನುದ್ದೀನ್, ಮೆಲ್ಲಗೆ.

ಹಿಡಿದರು. ಹೆಬ್ಬೆರಳಿಗೆ ತಿರುಗಿಸುವ ಗುಂಡಿ ಸರಿಯಾಗಿ ಸಿಕ್ಕಿತು. ಬಲಗೈಯಿಂದ ಕಾರು ಓಡಿತು. ಆದರೆ ಬಂದೂಕಿನ ಕುದುರೆಯಂಥ ಬ್ರೇಕು ಎಡಗಡೆಯ ಮೇಲಂಚಿನಲ್ಲಿ, ಸರಿಯಾಗಿ ಇಲ್ಲದ ಬೆರಳುಗಳ ಜಾಗದಲ್ಲಿತ್ತು. ಮೊದಲ ತಿರುವಿನಲ್ಲೇ ಕಾರು ಗೋಡೆಗೆ ಹೊಡೆಯಿತು. ಅವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಚಹಾ ಹೇಳಲು ಹೊರಗೆ ಹೋದರು. ಅವರು ಅದನ್ನು ಹಿಡಿದ ರೀತಿಯನ್ನು ಮುಸ್ಕಾನ್ ನೋಡಿದ್ದಳು.

ಮುಂದಿನ ಭಾನುವಾರ ಅವರು ಬರುವಷ್ಟರಲ್ಲಿ ಅವಳು ಮೂಲೆಯಲ್ಲಿ ಬಿದ್ದಿದ್ದ ಹಳೇ ಕನ್ಸೋಲಿನ ಕಂಟ್ರೋಲರ್ ಬಿಚ್ಚಿ, ಬ್ರೇಕಿನಿಂದ ಎರಡು ವೈರು ಎಳೆದು, ತಳಕ್ಕೊಂದು ಸಣ್ಣ ಬಟನ್ ಅಂಟಿಸಿ ಇಟ್ಟಿದ್ದಳು. ಮಾಳಿಂಗರಾಯರು ಹಿಡಿದರು. ಕಾರು ಜಾಗ ಬಿಟ್ಟು ಕದಲಲಿಲ್ಲ. ಹಿಡಿದರೆ ಸಾಕು, ಬ್ರೇಕು ಒತ್ತಿಕೊಳ್ಳುತ್ತಿತ್ತು.

"ಎಲ್ಲಿ ಹಚ್ಚಬೇಕು ತಿಳಿವಲ್ದು ಕಾಕಾ. ನಿಮ್ಮ ಬೆರಳು ಎಲ್ಲಿ ಕೂಡತದ ನನಗ ಹೆಂಗ ಗೊತ್ತಾಗಬೇಕು?"

ಅವರು ಸ್ವಲ್ಪ ಹೊತ್ತು ಕೈಯನ್ನೇ ನೋಡಿಕೊಂಡರು. ಹನ್ನೆರಡು ವರ್ಷದಲ್ಲಿ ನಾಲ್ಕು ಜನರ ನಡುವೆ ಆ ಕೈಯನ್ನು ಅಷ್ಟು ಹೊತ್ತು ಬೆಳಕಿಗೆ ಹಿಡಿದದ್ದು ಅದೇ ಮೊದಲು. ಆಮೇಲೆ ಕೇಳಿದರು: "ಇಲ್ಲಿ ಸ್ಟ್ಯಾಂಪ್ ಪ್ಯಾಡ್ ಅದ ಏನು?"

ಬಿಲ್ಲಿಗೆ ಮುದ್ರೆ ಒತ್ತುವ ಪ್ಯಾಡ್ ಇತ್ತು. ಉಳಿದ ಎರಡು ಬೆರಳನ್ನು ಮಸಿಗೆ ಒತ್ತಿ, ಕಂಟ್ರೋಲರನ್ನು ಗಟ್ಟಿಯಾಗಿ ಹಿಡಿದು ಬಿಟ್ಟರು. ತಳದಲ್ಲಿ ಎರಡು ನೀಲಿ ಗುರುತು. "ಕಿರುಬೆರಳಿನ ಮ್ಯಾಲ ಭಾರ ಇರ್ತದ, ಅದು ಹಿಡಿಯಾಕ ಬೇಕು. ಉಂಗುರ ಬೆರಳು ಖಾಲಿ ಅದ. ಅದರ ಗುರುತಿಗಿಂತ ಒಂದು ಗೋಧಿಕಾಳಷ್ಟು ಮ್ಯಾಲ ಹಚ್ಚು."

ಬೆಸುಗೆ ಆರುವಷ್ಟರಲ್ಲಿ ಅಬ್ರಾರನೂ ಬಂದು ನಿಂತಿದ್ದ. ಈ ಸಲ ಮಾಳಿಂಗರಾಯರು ತಿರುವಿನಲ್ಲಿ ಬ್ರೇಕು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಎಂಟು ಕಾರಿನಲ್ಲಿ ಐದನೆಯವರಾಗಿ ಮುಟ್ಟಿದರು. ಬುರ್ಹಾನುದ್ದೀನ್ ಅವರ ಬೆನ್ನಿಗೊಂದು ಗುದ್ದಿದರು. "ಮೊದಲೂ ನೀ ಐದನೇದವನೇ ಇದ್ದಿ!"

"ಇದು ನನ್ನ ಹೊಸ ಮಷಿನಿಗೆ ನಡೀತದೇನು?" ಅಬ್ರಾರ್ ಕೇಳಿದ. ಮುಸ್ಕಾನ್ ಜೋಡಿಸಿ ನೋಡಿದಳು. ಹೊಸ ಕನ್ಸೋಲ್ ಹಳೇ ಕಂಟ್ರೋಲರನ್ನು ಗುರುತೇ ಹಿಡಿಯಲಿಲ್ಲ. ಎರಡು ಪಟ್ಟು ಪವರಿದ್ದೂ ಹೀಗೇಕೆ ಎಂದು ಅಬ್ರಾರ್ ಗೊಣಗಿದ. ವಾದ ಮತ್ತೆ ಹತ್ತಿಕೊಂಡಿತು. ಮಾಳಿಂಗರಾಯರು ಅದಕ್ಕೆ ಕಿವಿಗೊಡದೆ, ಬುರ್ಹಾನುದ್ದೀನ್ ಕೊಟ್ಟ ಆ ಹಳೇ ಕನ್ಸೋಲನ್ನು ಕಂಟ್ರೋಲರ್ ಸಮೇತ ಚೀಲದಲ್ಲಿಟ್ಟುಕೊಂಡು ಸಂಜೆಯ ಬಸ್ಸು ಹತ್ತಿದರು.

ಮಂಗಳವಾರ ಮಧ್ಯಾಹ್ನ, ಕಚೇರಿಯ ಊಟದ ಹೊತ್ತಿಗೆ, ಮುಸ್ಕಾನಳಿಗೆ ಫೋನ್ ಬಂತು.

"ಅವ್ವಾ, ಮಳಿ ರಸ್ತಾದಾಗ ಬ್ರೇಕ್ ಒತ್ತಿದ್ರ ಕಾರು ಗಿರ್ರಂತ ತಿರಗತದ. ಯಾಕ?"

"ಕಾಕಾ, ಕಂಪನಿ ಬ್ರೇಕು ಅರ್ಧಾನೂ ಒತ್ತಬಹುದು. ನಂದು ಬರೀ ಬಟನ್. ಒತ್ತಿದ್ರ ಪೂರ್ತಿ, ಬಿಟ್ರ ಇಲ್ಲ."

ಆ ಕಡೆಯಿಂದ ಊಟದ ಡಬ್ಬಿ ಮುಚ್ಚಿದ ಸದ್ದು ಬಂತು.

"ಹಂಗಾದ್ರ ಬಟನ್ ಬದಲಿ ರೇಡಿಯೊದ ಆವಾಜ್ ತಿರುವೋದು ಇರ್ತದಲ್ಲ, ಅಂಥಾದ್ದು ಹಚ್ಚಿದ್ರ?"

ಮುಸ್ಕಾನ್ ಉತ್ತರ ಕೊಡುವ ಮೊದಲೇ ಅಪ್ಪನ ಹಳೇ ರೇಡಿಯೊ ಬಿಡಿಭಾಗಗಳ ಡಬ್ಬಿಗಳ ಕಡೆ ನಡೆದಿದ್ದಳು.